ಬೋರ್ಡಿಗೆ ಬೇಕಿರುವುದು ಪೇಂಟರ್ ಒಬ್ಬನೇ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಪರೀಕ್ಷೆ ಎರಡನೇ ಸಲವೂ ಕೈಕೊಟ್ಟ ಮೇಲೆ ನಾಲ್ಕು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ. ನಿದ್ದೆಯಿಲ್ಲ, ಊಟ ತಟ್ಟೆಯಲ್ಲೇ ಉಳಿಯುತ್ತದೆ. ‘ಆಪ್ತಸಮಾಲೋಚಕರು’ ಎಂಬ ಬೋರ್ಡು ನೋಡಿ ಒಬ್ಬರ ಹತ್ತಿರ ಕರೆದುಕೊಂಡು ಹೋದೆವು. 1,500 ರೂಪಾಯಿ ತೆಗೆದುಕೊಂಡು, ಅವನ ಹಣೆ ಮುಟ್ಟಿ, ‘ನೆಗೆಟಿವ್ ಎನರ್ಜಿ ಇದೆ’ ಅಂದರು. ಲೈಸೆನ್ಸ್ ಇರುವವರನ್ನು ಹುಡುಕುವುದು ಹೇಗೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಆ 1,500 ಹೋಯಿತು ಅಂದುಕೊಳ್ಳಿ. ತಮ್ಮ ಒಂದು ಸಲವಾದರೂ ನಿಮ್ಮ ಜೊತೆ ಹೊರಟನಲ್ಲ, ಅದನ್ನು ಮಾತ್ರ ಬಿಟ್ಟುಕೊಡಬೇಡಿ.

ನಮ್ಮಲ್ಲಿ ಕೌನ್ಸೆಲರ್ ಎಂದು ಯಾರು ಬೇಕಾದರೂ ಬೋರ್ಡು ಬರೆಸುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತ್ರೆ ಕೊಡದೆ ಮಾತಿನಿಂದ ಚಿಕಿತ್ಸೆ ಮಾಡುವ ಮನಶ್ಶಾಸ್ತ್ರಜ್ಞರು, ಹಾಗಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿಯಾಗಿರಬೇಕು. 1992ರ ಕಾಯ್ದೆಯೇ ಇದೆ. ‘ನಿಮ್ಮ ಸಿಆರ್‌ಆರ್ ನಂಬರ್ ಎಷ್ಟು?’ ಎಂದು ಕೇಳಿ. ಅದು ಪರಿಷತ್ತಿನ ಪಟ್ಟಿಯಲ್ಲಿ ಅವರ ನೋಂದಣಿ ಸಂಖ್ಯೆ. ಪರಿಷತ್ತಿನ ಜಾಲತಾಣದಲ್ಲಿ ಹಾಕಿ ನೋಡಿ. ಇದೇ ಪಟ್ಟಿಯಲ್ಲಿ ವಿಶೇಷ ಶಿಕ್ಷಕರೂ ಇರುತ್ತಾರೆ. ಹಾಗಾಗಿ ನಂಬರ್ ಸಿಕ್ಕಿತೆಂದು ನಿಲ್ಲಿಸದೆ ಹುದ್ದೆಯ ಹೆಸರನ್ನೂ ಓದಿ. ಮನೋವೈದ್ಯರಾದರೆ ಎಂಬಿಬಿಎಸ್ ಮುಗಿಸಿದ ಡಾಕ್ಟರು, ಮಾತ್ರೆ ಬರೆಯಬಲ್ಲವರು. ಅವರ ನೋಂದಣಿ ಮೆಡಿಕಲ್ ಕೌನ್ಸಿಲ್‌ನಲ್ಲಿರುತ್ತದೆ. ಬರೀ ಎಂ.ಎ. ಸೈಕಾಲಜಿ ಮಾಡಿದವರಲ್ಲೂ ಒಳ್ಳೆಯವರಿದ್ದಾರೆ. ಆದರೆ ಎಲ್ಲಿ, ಯಾರ ಕೈಕೆಳಗೆ ತರಬೇತಿ ಆಯಿತು ಎಂದು ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರಾದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ನಿಮ್ಮ ತಮ್ಮನ ವಿಷಯದಲ್ಲಿ ನಾನಾಗಿದ್ದರೆ ಮೊದಲು ಮನೋವೈದ್ಯರನ್ನೇ ಕಾಣುತ್ತಿದ್ದೆ. ನಾಲ್ಕು ತಿಂಗಳಿಂದ ನಿದ್ದೆ, ಊಟ ಎರಡೂ ಕೆಟ್ಟಿರುವಾಗ ಮೊದಲು ಡಾಕ್ಟರೇ ನೋಡುವುದು ಒಳ್ಳೆಯದು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಹಾಸನದ ಜಿಲ್ಲಾಸ್ಪತ್ರೆ ಇದೆಯಲ್ಲ.

ನಾನು ಜಿಲ್ಲಾಸ್ಪತ್ರೆಯೊಂದರಲ್ಲಿ ಮನೋಸಾಮಾಜಿಕ ಕಾರ್ಯಕರ್ತೆಯಾಗಿ 19 ವರ್ಷ ಕೂತವಳು. ನಮ್ಮ ಪಕ್ಕದ ಬಾಗಿಲು ಚರ್ಮದ ಡಾಕ್ಟರದ್ದು. ನಮ್ಮಲ್ಲಿಗೆ ಬಂದವರಲ್ಲಿ ಅರ್ಧ ಜನ ಮೊದಲು ಆ ಸಾಲಿನಲ್ಲಿ ನಿಂತು, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸರಕ್ಕನೆ ನಮ್ಮ ಕಡೆ ನುಗ್ಗುತ್ತಿದ್ದರು. ಒಬ್ಬ ಹುಡುಗ ಕಜ್ಜಿಯ ಮುಲಾಮು ಬರೆಸಿಕೊಂಡೇ ಒಳಗೆ ಬಂದಿದ್ದ! ನಿಮ್ಮವನಿಗೂ ಅಂಥ ಸಂಕೋಚವಿದ್ದರೆ ಬೈಯಬೇಡಿ. ಅವನ ಗುಟ್ಟನ್ನು ಹೊರಗೆ ಹೇಳುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ, ಅದನ್ನು ತಿಳಿಸಿ.

ಬರುವುದೇ ಇಲ್ಲ ಎಂದು ಹಟ ಹಿಡಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮೊದಲ ಸಲ ನೀವೇ ಮಾಡಿದರೂ ಆಯಿತು. ಅವನು ಸಾಯುವ ಮಾತಾಡಿದ್ದರೆ ಮಾತ್ರ ಮಂಗಳವಾರಕ್ಕೆ ಕಾಯಬೇಡಿ. ಒಬ್ಬನನ್ನೇ ಬಿಡದೆ, ಇವತ್ತೇ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.