ಘಾಟಿ ರಸ್ತೆಯಲ್ಲಿ ಕ್ಯಾರವಾನ್ ಟೈರ್ ಒಡೆದರೆ

ದಸರಾ ರಜೆ ಹತ್ತಿರ ಬಂತು ಅಂದರೆ ಒಂದೇ ಥರದ ಪ್ರಶ್ನೆಗಳು ಸಾಲುಗಟ್ಟುತ್ತವೆ. ಟೆಂಪೊ ಟ್ರಾವೆಲರ್‌ಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ಜೋಗ, ಆಗುಂಬೆ, ಕೊಲ್ಲೂರು ಸುತ್ತಲು ಹೊರಡುವವರು ಒಳಗಿನ ಪರದೆಯ ಬಣ್ಣಕ್ಕೆ ತಲೆ ಕೆಡಿಸಿಕೊಂಡಷ್ಟು ಕೆಳಗಿನ ಟೈರ್‌ಗೆ ಕೆಡಿಸಿಕೊಂಡಿರುವುದಿಲ್ಲ. ಗೇಜ್ ಹಿಡಿಯುವುದು ಹೇಗೆ, ಗಾಡಿಯಲ್ಲಿ ಜಾಕಿ ಎಲ್ಲಿರುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಪಳಗಿದ ಡ್ರೈವರ್ ಒಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು.

ಪ್ರಶ್ನೆ: ಕ್ಯಾರವಾನ್ ಮಾಡಿಸಿದ ಟ್ರಾವೆಲರ್‌ನಲ್ಲಿ ಆರು ಜನ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಹೊರಟಿದ್ದೇವೆ. ಘಾಟಿಯಲ್ಲಿ ಟೈರ್ ಬಿಸಿಯಾಗಿ ಒಡೆಯದಿರಲು ಆಗುಂಬೆಯಲ್ಲೇ ಹತ್ತು ಪಿಎಸ್‌ಐ ಗಾಳಿ ಇಳಿಸಿ ಅಂತ ಪರಿಚಯದವರೊಬ್ಬರು ಹೇಳಿದರು. ಹಿಡಿತವೂ ಹೆಚ್ಚುತ್ತದಂತೆ. ಇದು ಸರಿಯೇ? ಅಕಸ್ಮಾತ್ ಇಳಿಯುವಾಗಲೇ ಒಡೆದರೆ ಏನು ಮಾಡಬೇಕು? (ಓದುಗರು, ಭದ್ರಾವತಿ)

ಉತ್ತರ: ಸರಿಯಲ್ಲ. ಈ ಸಲಹೆ ಕೊಟ್ಟವರ ಬಳಿ ಇನ್ನು ಟೈರ್ ವಿಷಯ ಕೇಳಬೇಡಿ.

ಟೈರ್ ಒಡೆಯುವುದು ಗಾಳಿ ಹೆಚ್ಚಾಗಿ ಅನ್ನುವ ನಂಬಿಕೆ ನಮ್ಮ ಕಡೆ ಬೇರು ಬಿಟ್ಟಿದೆ. ನಿಜವಾಗಿ ಆಗುವುದು ತದ್ವಿರುದ್ಧ. ಗಾಳಿ ಕಮ್ಮಿ ಇದ್ದರೆ ಟೈರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ. ಮಡಚಿದಷ್ಟೂ ಒಳಗೆ ಕಾವು ಏರುತ್ತದೆ, ಕಾವಿಗೆ ರಬ್ಬರೂ ದಾರವೂ ಬಿಡಿಸಿಕೊಳ್ಳುತ್ತವೆ. ಆಮೇಲೆ ಗುಂಡಿಯೊಂದಕ್ಕೆ ಇಳಿದಾಗಲೋ ಬಿಸಿಲಲ್ಲಿ ಸಾಗರದ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗಲೋ ಢಮಾರ್ ಅನ್ನುತ್ತದೆ. ಒಡೆದ ಕ್ಷಣ ಘಾಟಿಯದಾಗಿರಬಹುದು, ಕಾರಣ ಮಾತ್ರ ಮನೆಯಿಂದಲೇ ಜೊತೆಗೆ ಬಂದಿರುತ್ತದೆ.

ಓಡಿದಾಗ ಗಾಳಿ ಏರುವುದು ಸಹಜ. ತಣ್ಣಗಿದ್ದಾಗ 60 ಪಿಎಸ್‌ಐ ಇದ್ದ ಟೈರ್, ಒಳಗಿನ ಗಾಳಿ 30 ಡಿಗ್ರಿಯಷ್ಟು ಬಿಸಿಯಾದರೆ 67, 68 ತೋರಿಸುತ್ತದೆ. ಚಳಿಗಾಲದ ಬೆಳಗ್ಗೆ ತೀರ್ಥಹಳ್ಳಿಯಲ್ಲಿ 15 ಡಿಗ್ರಿ, ಮಧ್ಯಾಹ್ನ ಉಡುಪಿಯಲ್ಲಿ 33 ಡಿಗ್ರಿ ಅಂದುಕೊಳ್ಳಿ. ಹವೆಯ ಈ ವ್ಯತ್ಯಾಸಕ್ಕೇ ನಾಲ್ಕೈದು ಪಿಎಸ್‌ಐ ಹೆಚ್ಚುಕಮ್ಮಿ ಆಗುತ್ತದೆ. ಟೈರ್ ತಯಾರಿಸುವವರು ಇದನ್ನೆಲ್ಲ ಲೆಕ್ಕ ಹಾಕಿಯೇ ತಣ್ಣನೆ ಟೈರ್‌ನ ಅಂಕಿ ಕೊಟ್ಟಿರುತ್ತಾರೆ. ಬಿಸಿ ಟೈರ್‌ನಿಂದ ಹತ್ತು ಇಳಿಸಿದಿರೋ, ಅದು ತಣ್ಣಗಾದ ಮೇಲೆ 50ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹೇಳಿದ್ದಕ್ಕಿಂತ ಶೇ 20 ಕಡಿಮೆ, ಅಂದರೆ 60 ಇರಬೇಕಾದಲ್ಲಿ 48ರಲ್ಲಿ ಓಡಿದ ಟೈರನ್ನು ಗಾಳಿ ಇಲ್ಲದೆ ಓಡಿದ ಟೈರ್ ಎಂದೇ ಭಾವಿಸಿ ಬಿಚ್ಚಿ ನೋಡಬೇಕು ಅನ್ನುವುದು ಈ ಕೆಲಸದ ನಿಯಮ.

ಬಿಚ್ಚಿದಾಗ ಕಾಣುವುದನ್ನೂ ತಿಳಿದುಕೊಂಡಿರಿ. ಒಳಗೆ ಕಾಫಿ ಪುಡಿಯಂಥ ಕಪ್ಪು ರಬ್ಬರ್ ಹುಡಿ ಬಿದ್ದಿದ್ದರೆ, ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಉಜ್ಜಿದ ಬಳೆಯಂಥ ಗುರುತು ಇದ್ದರೆ ಆ ಟೈರ್ ಮುಗಿಯಿತು. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದರೂ ಅಷ್ಟೇ. ಹುಡಿ ಒರೆಸಿ, ಪ್ಯಾಚ್ ಹಾಕಿ, ‘ಇನ್ನೂ ಹತ್ತು ಸಾವಿರ ಓಡುತ್ತೆ ಸಾರ್’ ಅನ್ನುವವರಿದ್ದಾರೆ. ಅಂಥ ಅಂಗಡಿಗೆ ಎರಡನೇ ಸಲ ಹೋಗಬೇಡಿ.

ಘಾಟಿಯಲ್ಲಿ ಟೈರ್‌ಗೆ ಕಾವು ಬರುವ ಇನ್ನೊಂದು ದಾರಿ ಬ್ರೇಕ್. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು, ಆ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರ್‌ನ ಬೀಡಿಗೆ, ಅಂದರೆ ರಿಮ್ಮಿಗೆ ಕೂರುವ ಅಂಚಿಗೆ, ಹೋಗುತ್ತದೆ. ಎರಡನೇ ಗೇರಿಗೆ ಹಾಕಿ ಎಂಜಿನ್ನಿಗೇ ಗಾಡಿ ಹಿಡಿಯಲು ಬಿಡಿ. ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಡಿ, ಒತ್ತಿ ಬಿಡಿ. ಕೆಳಗೆ ಇಳಿದು ನಿಲ್ಲಿಸಿದಾಗ ನಾಲ್ಕೂ ಚಕ್ರದ ಹಬ್ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಧಗೆ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಹೊಸ ಟೈರ್ ಹಾಕಿಸಿದರೂ ಅದೇ ಚಕ್ರ ಮತ್ತೆ ಒಡೆಯುತ್ತದೆ.

ಇಷ್ಟೆಲ್ಲದರ ಹಿಂದೆ ಇರುವುದು ಭಾರ. 200 ಲೀಟರ್ ನೀರು ಅಂದರೆ 200 ಕೆಜಿ. ತುಂಬಿದ ಮನೆಬಳಕೆ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ, 150 ಎಎಚ್ ಇನ್ವರ್ಟರ್ ಬ್ಯಾಟರಿ ಒಂದೊಂದೂ 50 ಕೆಜಿ ಮೇಲೆ. ಟ್ಯಾಂಕನ್ನು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂರಿಸುವುದು ನಮ್ಮ ಬಾಡಿ ಕಟ್ಟುವವರ ಚಾಳಿ. ಹಾಗೆ ಕೂತ ನೀರು ತನ್ನ ತೂಕಕ್ಕಿಂತ ಹೆಚ್ಚು ಭಾರವನ್ನು ಹಿಂದಿನ ಚಕ್ರಗಳ ಮೇಲೆ ಹಾಕಿ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ಎಲ್ಲ ತುಂಬಿಕೊಂಡು, ಜನರನ್ನೂ ಕೂರಿಸಿಕೊಂಡು ಅಡಿಕೆ ಲಾರಿ ತೂಗುವ ವೇಬ್ರಿಡ್ಜಿಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನ ಆಕ್ಸಲ್ ಭಾರ ಸಿಗುತ್ತದೆ. ಸಾಧ್ಯವಾದರೆ ಎಡ ಬಲ ಬೇರೆ ಬೇರೆ ತೂಗಿಸಿ. ಒಲೆ, ಫ್ರಿಜ್, ಬ್ಯಾಟರಿ ಎಲ್ಲ ಒಂದೇ ಬದಿಗಿರುವ ಗಾಡಿಗಳೇ ಜಾಸ್ತಿ.

ಈಗ ಟೈರ್ ಪಕ್ಕದ ಅಂಕಿ ಓದಿ. 112/110 ಎಂದಿದ್ದರೆ ಒಂಟಿಯಾಗಿ ಹಾಕಿದಾಗ ಆ ಟೈರ್ 1120 ಕೆಜಿ, ಜೋಡಿಯಾಗಿ ಹಾಕಿದಾಗ 1060 ಕೆಜಿ ಹೊರುತ್ತದೆ. 104 ಅಂದರೆ 900 ಕೆಜಿ. ಅದೂ ಪೂರ್ತಿ ಗಾಳಿ ಇದ್ದಾಗ ಮಾತ್ರ. ಒಂದೊಂದು ಟೈರ್ ಪಾಲಿಗೆ ಬರುವ ತೂಕ ಈ ಅಂಕಿಗೆ ಸಮೀಪ ಬಂದಿದ್ದರೆ ಟ್ಯಾಂಕ್ ಖಾಲಿ ಮಾಡಿ ಹೊರಡಿ. ಮಲೆನಾಡಿನಲ್ಲಿ ನೀರಿಗೇನು ಬರ?

ಇನ್ನು ಒಡೆದಾಗ. ಘಾಟಿಯಲ್ಲಿ ನೀವು ಇಪ್ಪತ್ತು ಮೂವತ್ತರ ವೇಗದಲ್ಲಿ ಇರುತ್ತೀರಿ, ಹಾಗಾಗಿ ಗಾಡಿ ಕೈತಪ್ಪುವ ಭಯ ಕಮ್ಮಿ. ಸ್ಟೇರಿಂಗ್ ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ಬ್ರೇಕನ್ನು ಜಜ್ಜಬೇಡಿ. ಮುಂದಿನದು ಒಡೆದರೆ ಗಾಡಿ ಆ ಬದಿಗೆ ಎಳೆಯುತ್ತದೆ, ಹಿಂದಿನದಾದರೆ ಬಾಲ ಅಲ್ಲಾಡುತ್ತದೆ. ಜನ ಎಡವುವುದು ಇದಾದ ಮೇಲೆ. ಟೈರ್ ಹಾಳಾಗುತ್ತದೆ ಅಂತ ಹೆದರಿ ತಿರುವಿನ ಹೊಟ್ಟೆಯಲ್ಲೇ ನಿಲ್ಲಿಸಿಬಿಡುತ್ತಾರೆ. ಒಡೆದ ಟೈರ್ ಆಗಲೇ ಹೋಯಿತು, ರಿಮ್ ಬೇಕಾದರೆ ಇನ್ನೊಂದು ಸಿಗುತ್ತದೆ. ಹೆಜ್ಜೆ ನಡಿಗೆಯ ವೇಗದಲ್ಲಿ ಉರುಳಿಸಿಕೊಂಡು ಎರಡೂ ಕಡೆಯಿಂದ ಕಾಣುವ, ಆದಷ್ಟು ಸಮತಟ್ಟಾದ, ಡಾಂಬರು ಇರುವ ಅಗಲ ಜಾಗಕ್ಕೆ ತನ್ನಿ. ಮಳೆಯಲ್ಲಿ ಡಾಂಬರಿನ ಅಂಚಿನ ಮಣ್ಣನ್ನು ನಂಬಬೇಡಿ, ಮೂರು ಟನ್ ಮೀರಿದ ಗಾಡಿಗೆ ಅದು ಕುಸಿಯುತ್ತದೆ. ರಬ್ಬರ್ ಸುಟ್ಟ ವಾಸನೆಯೋ ಹೊಗೆಯೋ ಬಂದರೆ ಮಾತ್ರ ನಿಂತಲ್ಲೇ ಎಲ್ಲರನ್ನೂ ಇಳಿಸಿ. ಒಳಗೆ ಗ್ಯಾಸ್ ಸಿಲಿಂಡರ್ ಇದೆ ಅನ್ನುವುದು ನೆನಪಿರಲಿ.

ಎಚ್ಚರಿಕೆಯ ತ್ರಿಕೋನವನ್ನು ಗಾಡಿಯ ಹಿಂದೆ ನಾಲ್ಕು ಹೆಜ್ಜೆಯಲ್ಲಿ ಇಟ್ಟು ಪ್ರಯೋಜನವಿಲ್ಲ. ಬರುವವರಿಗೆ ತಿರುವಿಗೆ ಮೊದಲೇ ಕಾಣಬೇಕು. ಮಂಜು ಇಳಿದಿದ್ದರೆ ಟಾರ್ಚ್ ಹಿಡಿದು ಒಬ್ಬರು ಅಲ್ಲಿ ನಿಲ್ಲಲಿ.

ಈಗ ಇಳಿಜಾರಿನ ವಿಷಯ. ಇದನ್ನು ಎರಡು ಸಲ ಓದಿ. ಗೇರಿನಲ್ಲಿ ನಿಲ್ಲಿಸಿದ್ದೇನೆ, ಗಾಡಿ ಉರುಳುವುದಿಲ್ಲ ಅಂದುಕೊಳ್ಳುತ್ತೀರಿ. ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಯಲ್ಲಿ ಹಿಂದಿನ ಒಂದು ಬದಿ ನೆಲ ಬಿಟ್ಟು ಮೇಲೆದ್ದ ಕ್ಷಣ ಗೇರಿನ ಹಿಡಿತ ಇಲ್ಲವಾಗುತ್ತದೆ. ಹಿಂದಿನ ಎರಡು ಚಕ್ರಗಳ ನಡುವಿನ ಗೇರು ಜೋಡಣೆ (ಡಿಫರೆನ್ಶಿಯಲ್) ಎತ್ತಿದ ಚಕ್ರವನ್ನು ಒಂದು ಕಡೆಗೆ ತಿರುಗಿಸುತ್ತದೆ, ನೆಲದಲ್ಲಿರುವ ಚಕ್ರ ಇನ್ನೊಂದು ಕಡೆಗೆ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸಿನ ಹಿಂದೆ ಶಾಫ್ಟ್ ಮೇಲಿರುವ ಗಾಡಿಯಾದರೆ ಅದರ ಗತಿಯೂ ಇದೇ. ಹಿಂದಿನ ಡ್ರಮ್ಮಿನಲ್ಲಿದ್ದರೆ ಉಳಿದೊಂದು ಚಕ್ರದ ಮೇಲೆ ಇಡೀ ಗಾಡಿ ನಿಂತಿರುತ್ತದೆ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಇಳಿಜಾರಿನ ಬದಿಯಲ್ಲಿ ಮರದ ತುಂಡನ್ನು ಒತ್ತಿ ಕೊಡಿ. ದುಂಡಗಿನ ಕಲ್ಲು ಬೇಡ, ಅದು ಜಾರುತ್ತದೆ. ಒಳ್ಳೆಯ ಇಳಿಜಾರೇ ಆಗಿದ್ದರೆ ಜಾಕಿ ಏರಿಸಲೇಬೇಡಿ, ಸಹಾಯಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಗೆ 1033, ಎಲ್ಲ ಕಡೆಗೂ 112. ಎಲ್ಲ ತಿರುವಿನಲ್ಲೂ ನೆಟ್‌ವರ್ಕ್ ಸಿಗುವುದಿಲ್ಲ, ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸುವುದು ಈಗಲೂ ನಡೆಯುತ್ತದೆ.

ಕಾರಿನ ಕತ್ತರಿ ಜಾಕಿ ಇದಕ್ಕೆ ಆಗುವುದಿಲ್ಲ. 5 ಟನ್ ಬಾಟ್ಲಿ ಜಾಕಿ ಇರಲಿ, ಅದರ ಕೆಳಗೆ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ. ಇಲ್ಲಿ ಒಂದು ಪೇಚು ಇದೆ: ಟೈರ್ ಚಪ್ಪಟೆಯಾದಾಗ ಆಕ್ಸಲ್ ಕೆಳಗೆ ಕೂತಿರುತ್ತದೆ, ಜಾಕಿ ಒಳಗೆ ಹೋಗುವುದೇ ಇಲ್ಲ. ಇನ್ನೊಂದು ಹಲಗೆಯ ಮೇಲೆ ಆ ಚಕ್ರವನ್ನು ಹತ್ತಿಸಿಕೊಳ್ಳಿ, ಜಾಗ ಸಿಗುತ್ತದೆ. ಹಿಂದೆ ಜೋಡಿ ಟೈರ್ ಇದ್ದು ಹೊರಗಿನದು ಹೋಗಿದ್ದರೆ ಒಳಗಿನದನ್ನು ಹಲಗೆಗೆ ಹತ್ತಿಸಿದರೆ ಸಾಕು, ಹೊರಗಿನದು ತಾನಾಗಿ ನೆಲ ಬಿಡುತ್ತದೆ. ನಟ್‌ಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ. ಕೆಲವು ಹಳೆಯ ಗಾಡಿಗಳಲ್ಲಿ ಎಡಬದಿಯ ನಟ್‌ಗಳದ್ದು ಉಲ್ಟಾ ಥ್ರೆಡ್, ಬೋಲ್ಟಿನ ತುದಿಯಲ್ಲಿ ‘ಎಲ್’ ಅಕ್ಷರ ನೋಡದೆ ಪೈಪ್ ಹಾಕಿ ಎಳೆದು ಬೋಲ್ಟ್ ಮುರಿಯಬೇಡಿ. ವಾಪಸ್ ಬಿಗಿಯುವಾಗ ಎದುರುಬದುರಾಗಿ ಬಿಗಿದು, 50ರಿಂದ 80 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಆಗುಂಬೆಯಲ್ಲಿ ಬದಲಿಸಿದ್ದಾದರೆ ಉಡುಪಿ ಮುಟ್ಟಿದ ಕೂಡಲೇ. ಮಳೆಗಾಲದಲ್ಲಿ ಮೊಣಕಾಲೂರುವ ಮುಂಚೆ ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಿ. ಇಂಬಳಕ್ಕೆ (ಜಿಗಣೆಗೆ) ನಿಮ್ಮ ಅವಸರ ಗೊತ್ತಾಗುವುದಿಲ್ಲ.

ಒಂದು ಮಾತು ಬಿಟ್ಟಿದ್ದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಗೆ ಭಾರಿ ವಾಹನ ನಿರ್ಬಂಧ ಬರುತ್ತಿರುತ್ತದೆ. ಹೊರಡುವ ದಿನ ವಿಚಾರಿಸಿಯೇ ಹೊರಡಿ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಟೈರ್ ಒಡೆಯುವುದಿಲ್ಲವಂತೆ? (ಸಾಗರ)

ಉತ್ತರ: ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಆ ದುಡ್ಡಿಗೆ ಒಂದು ಒಳ್ಳೆಯ ಗೇಜ್ ತೆಗೆದುಕೊಳ್ಳಿ.

ಪ್ರಶ್ನೆ: ಘಾಟಿ ಇಳಿದ ಮೇಲೆ ಬಿಸಿ ಟೈರ್‌ಗೆ ನೀರು ಹೊಯ್ಯಬಹುದೇ? (ಹೊಸನಗರ)

ಉತ್ತರ: ಬೇಡ. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಅರ್ಧ ಗಂಟೆ ನಿಲ್ಲಿಸಿ ಚಾ ಕುಡಿಯಿರಿ.

ಪ್ರಶ್ನೆ: ಟ್ಯೂಬ್‌ಲೆಸ್ ಟೈರ್ ಪದೇಪದೇ ಪಂಕ್ಚರ್ ಆಗುತ್ತಿದೆ. ಒಳಗೊಂದು ಟ್ಯೂಬ್ ಹಾಕಿಸಿದರೆ ನಿಶ್ಚಿಂತೆ ಅಂದರು. (ಕೊಪ್ಪ)

ಉತ್ತರ: ಅಂಗಡಿಯವರಿಗೆ ನಿಶ್ಚಿಂತೆ, ಟ್ಯೂಬ್ ಮಾರಾಟವಾಯಿತಲ್ಲ. ಟ್ಯೂಬಿಗೂ ಟೈರಿಗೂ ನಡುವೆ ಉಜ್ಜಾಟವಾಗಿ ಕಾವು ಹೆಚ್ಚುತ್ತದೆ. ಮೊಳೆ ಚುಚ್ಚಿದರೆ ನಿಧಾನಕ್ಕೆ ಇಳಿಯಬೇಕಾದ ಗಾಳಿ ಒಮ್ಮೆಗೇ ಹೋಗುತ್ತದೆ. ಟ್ಯೂಬ್‌ಲೆಸ್‌ನ ಲಾಭವೇ ಅಲ್ಲಿಗೆ ಮುಗಿಯಿತು. ಮೊದಲು ಸೋಪಿನ ನೀರು ಹಾಕಿ ವಾಲ್ವ್ ಬುಡ ಮತ್ತು ರಿಮ್ಮಿನ ಅಂಚು ನೋಡಿಸಿ, ನಮ್ಮ ಮಳೆಗೆ ರಿಮ್ ತುಕ್ಕು ಹಿಡಿದು ಅಲ್ಲೇ ಗುಳುಗುಳು ಬರುವುದು ಹೆಚ್ಚು. ಮೊಳೆಯ ತೂತು 6 ಮಿ.ಮೀ. ಒಳಗಿದ್ದು, ನೆಲ ಮುಟ್ಟುವ ಭಾಗದಲ್ಲಿದ್ದರೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸಿ. ಹೊರಗಿನಿಂದ ತುರುಕುವ ಸ್ಟ್ರಿಪ್ ಮುಂದಿನ ಊರಿನವರೆಗೆ ಮಾತ್ರ. ಪಕ್ಕದ ಗೋಡೆಯಲ್ಲಿ ತೂತಾಗಿದ್ದರೆ, ಗುಳ್ಳೆ ಎದ್ದಿದ್ದರೆ ರಿಪೇರಿ ಅನ್ನುವ ಮಾತೇ ಇಲ್ಲ.

ಪ್ರಶ್ನೆ: ರೀಸೋಲ್ ಮಾಡಿಸಿದ (ಸವೆದ ಮೇಲೆ ಹೊಸ ರಬ್ಬರ್ ಪದರ ಹಾಕಿಸಿದ) ಟೈರ್ ಹಾಕಬಹುದೇ? (ಶಿಕಾರಿಪುರ)

ಉತ್ತರ: ಮುಂದಿನ ಚಕ್ರಕ್ಕೆ ಖಂಡಿತ ಬೇಡ.

ಪ್ರಶ್ನೆ: ವರ್ಷಕ್ಕೆ ಎರಡು ಪ್ರವಾಸ ಬಿಟ್ಟರೆ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ಟೈರ್ ಬಟನ್ (ನೆಲ ಮುಟ್ಟುವ ಭಾಗದ ಅಚ್ಚು) ಹೊಸದರ ಹಾಗೇ ಇದೆ, ಸ್ಟೆಪ್ನಿಯಂತೂ ನೆಲವನ್ನೇ ಮುಟ್ಟಿಲ್ಲ. ಬದಲಿಸಬೇಕೇ? (ಶೃಂಗೇರಿ)

ಉತ್ತರ: ಟೈರ್ ಪಕ್ಕದಲ್ಲಿ ‘DOT’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಬೇಕು, ಹತ್ತಕ್ಕೆ ಬಟನ್ ಎಷ್ಟೇ ಇದ್ದರೂ ತೆಗೆಯಬೇಕು. ಭಾರ ಹೊತ್ತು ಘಾಟಿ ಇಳಿಯುವ ಗಾಡಿಗಾದರೆ ಏಳಕ್ಕೇ ತೆಗೆಸಿ ಎಂದು ಹೇಳುತ್ತೇನೆ. ಕಾನೂನು 1.6 ಮಿ.ಮೀ. ಬಟನ್ ಸಾಕು ಅನ್ನುತ್ತದೆ, ಮಲೆನಾಡಿನ ಮಳೆಗೆ ಮೂರಕ್ಕಿಂತ ಕೆಳಗೆ ಇಳಿಯಬೇಡಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟೈರ್‌ನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಂದಿರುತ್ತದೆ, ಗಾಳಿ ಬಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತದೆ. ಸ್ಟೆಪ್ನಿಯ ವಯಸ್ಸೂ ಉಳಿದವಷ್ಟೇ. ಅದನ್ನು ಗಾಡಿಯ ಅಡಿಯಲ್ಲಿ ಸರಪಳಿಗೆ ನೇತುಹಾಕಿದ್ದರೆ ಹೊರಡುವ ವಾರ ಒಮ್ಮೆ ಪೂರ್ತಿ ಕೆಳಗಿಳಿಸಿ ನೋಡಿ. ಕೆಸರು, ತುಕ್ಕು ಕಚ್ಚಿ ಸ್ಕ್ರೂ ತಿರುಗದ ಗಾಡಿಗಳೇ ಹೆಚ್ಚು. ಗ್ರೀಸ್ ಹಚ್ಚಿ, ಬೇಕಾದ್ದಕ್ಕಿಂತ ಐದು ಪಿಎಸ್‌ಐ ಹೆಚ್ಚಿಗೆ ತುಂಬಿ, ವಾಲ್ವ್ ನಿಮ್ಮ ಕೈಗೆ ಸಿಗುವ ಕಡೆ ತಿರುಗಿಸಿ ಮೇಲೆ ಕಟ್ಟಿ.