ಹಗೇವು ಇರಲಿ, ಬಾವಿ ಬೇಡ ಎನ್ನುವ ಕಾಕಾ

ಪ್ರಶ್ನೆ: ಬಸವಕಲ್ಯಾಣದ ಕಡೆಯವಳು, ಕಲಬುರಗಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. 1948ರಲ್ಲಿ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಹನ್ನೆರಡು ವರ್ಷ. ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆಯ ರಜಾಕಾರರು ಬಂದರೆಂದು ಆಯಿಯನ್ನು ಹಗೇವಿನಲ್ಲಿ, ಜೋಳ ತುಂಬಿಡುವ ನೆಲದ ಕುಳಿಯಲ್ಲಿ, ಇಳಿಸಿ ಕಲ್ಲು ಮುಚ್ಚಿದ್ದರಂತೆ. ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ವಶಪಡಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ನಂತರ ಪಕ್ಕದ ಮುಸ್ಲಿಂ ಮನೆಯ ಖಾಲಾನ ಮಗಳು, ಆಯಿಯ ಗೆಳತಿ, ಬಾವಿಗೆ ಹಾರಿದಳಂತೆ. ಎರಡನ್ನೂ ಸೇರಿಸಿ ದೀಪಾವಳಿ ವಿಶೇಷಾಂಕಕ್ಕೆ ಕಥೆ ಬರೆದಿದ್ದೇನೆ. ‘ಹಗೇವಿನದು ಇರಲಿ, ಬಾವಿಯದು ತೆಗೆ’ ಎನ್ನುತ್ತಾರೆ ಕಾಕಾ. ಏನು ಮಾಡಲಿ?

ಉತ್ತರ: ತಂಗಿ, ಕಾಕಾನ ಅಂಜಿಕೆ ಸುಳ್ಳಲ್ಲ, ಅವರು ಅದೇ ಊರಲ್ಲಿ ಬಾಳಬೇಕು. ಆದರೆ ಅವರು ಹೇಳಿದಂತೆ ಕತ್ತರಿಸಿದರೆ ಉಳಿಯುವುದು ಕಾಕಾನ ಕಥೆ, ಆಯಿಯದಲ್ಲ. ನಿಜಾಮ ಶರಣಾದ ದಿನವೆಂದು ನಾವು ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುತ್ತೇವೆ. ಹೆಂಗಸರ ಸಂಕಟ ಆ ತಾರೀಖಿಗೆ ಮುಗಿಯಲಿಲ್ಲ. ಕಾರ್ಯಾಚರಣೆಯ ಹೊತ್ತಿಗೆ ಮತ್ತು ಆಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ಕೇಂದ್ರ ಸರ್ಕಾರ ಕಳುಹಿಸಿ, ಆ ವರ್ಷದ ಕೊನೆಗೆ ಇಲ್ಲೆಲ್ಲ ತಿರುಗಾಡಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡನ್ನೂ ಹೆಸರಿಸಿತು. ಅತ್ಯಾಚಾರ, ಅಪಹರಣಗಳನ್ನೂ ಬರೆಯಿತು. ಆ ವರದಿಯೇ ದಶಕಗಟ್ಟಲೆ ಹೊರಗೆ ಬರಲಿಲ್ಲ. ಇನ್ನು ನಿಮ್ಮ ಕಾಕಾ ಯಾವ ಲೆಕ್ಕ!

ನನ್ನ ತಕರಾರು ಬೇರೆ. ನೀವು ಕಳುಹಿಸಿದ ಪುಟಗಳಲ್ಲಿ ಹಗೇವಿನ ಭಾಗ ನಿಜವಾಗಿದೆ: ಜೋಳದ ಕಾವು, ಮುಗ್ಗಲು ವಾಸನೆ, ಮೇಲೆ ಕಲ್ಲು ಸರಿಯುವ ಸದ್ದು, ಸರಿಸುತ್ತಿರುವುದು ಅಪ್ಪನೋ ಇನ್ನಾರೋ ತಿಳಿಯದೆ ಬಾಯಿಗೆ ಸೆರಗು ತುರುಕಿಕೊಂಡ ಹುಡುಗಿ. ಬಾವಿಗೆ ಬಂದರೆ ಬೆಳದಿಂಗಳು, ಅಲೆ, ನೀರಲ್ಲಿ ಹರಡಿದ ಕೂದಲು. ಕೊನೆಗೆ ‘ಮಾನ ಉಳಿಸಿಕೊಂಡಳು’ ಎಂಬ ಸಾಲು. ಹೆಂಗಸು ಸತ್ತರೆ ಕಥೆಗಾರರಿಗೆ ಎಲ್ಲಿಲ್ಲದ ಕಾವ್ಯ ಬರುತ್ತದೆ. ಅಮೃತಾ ಪ್ರೀತಮ್ ಅವರ ಪಂಜಾಬಿ ಕಾದಂಬರಿ ‘ಪಿಂಜರ್’ (1950) ಓದಿದ್ದೀರಾ? ಅಪಹರಣಕ್ಕೊಳಗಾದ ಪೂರೋ ತಪ್ಪಿಸಿಕೊಂಡು ಮನೆಗೆ ಬಂದರೆ ಹೆತ್ತವರೇ ಅವಳನ್ನು ತಿರುಗಿ ಕಳುಹಿಸುತ್ತಾರೆ. ಅಲ್ಲಿ ಎದೆ ಒಡೆಯುವುದು ಆ ಬಾಗಿಲಲ್ಲಿ. ಬಾವಿಗೆ ಹೋಗುವ ಮೊದಲು ಖಾಲಾನ ಮಗಳು ಯಾರ ಕದ ತಟ್ಟಿದ್ದಳು? ಅದು ನಿಮ್ಮದೇ ಮನೆಯ ಕದವಾಗಿದ್ದರೆ, ಕಾಕಾ ಯಾಕೆ ಬೇಡ ಎನ್ನುತ್ತಾರೆಂದು ತಿಳಿಯುತ್ತದೆ.

ಆಯಿಯನ್ನು ಕೇಳಿ. ಮೊಬೈಲ್ ಮುಂದಿಟ್ಟು ರೆಕಾರ್ಡ್ ಮಾಡಬೇಡಿ; ಪಕ್ಕದಲ್ಲಿ ಕುಳಿತು ಕಥೆ ಓದಿ ಹೇಳಿ, ಬೇಕಾದಲ್ಲಿ ತಡೆಯಲಿ. ಊರಿನ ಹೆಸರು, ಹುಡುಗಿಯ ಹೆಸರು ಬದಲಿಸಿ. ಕಾಕಾ ಹೇಳಿದಂತೆ ಬಾವಿಯಿಂದ ಒಂದನ್ನು ತೆಗೆಯಲೇಬೇಕು, ಆ ಬೆಳದಿಂಗಳನ್ನು. ಆಯಿ ಅಚ್ಚಾಗುವುದೇ ಬೇಡ ಎಂದರೆ ಕಥೆ ಪೆಟ್ಟಿಗೆಯಲ್ಲಿರಲಿ. ವಿಶೇಷಾಂಕ ಮುಂದಿನ ದೀಪಾವಳಿಗೂ ಬರುತ್ತದೆ.