ಕೆಲಸ ಇಲ್ಲದ ತಿಂಗಳೂ ಕರೆಂಟ್ ಬಿಲ್ ಇಳಿಯದಿದ್ದರೆ

ಬಹುಶಃ ನಿಮ್ಮ ಹೊಲಿಗೆ ಮಷಿನ್‌ಗಳ ಕ್ಲಚ್ ಮೋಟಾರ್‌ಗಳೇ ಕಾರಣ, ಅಂದರೆ ಸ್ವಿಚ್ ಹಾಕಿದ ಮೇಲೆ ನಿಲ್ಲದೆ ತಿರುಗುತ್ತಲೇ ಇರುವ ಹಳೇ ಬಗೆಯ ಮೋಟಾರ್‌ಗಳು. ಬಳ್ಳಾರಿಯಲ್ಲಿ 12 ಮಷಿನ್‌ನ ಜೀನ್ಸ್ ಯೂನಿಟ್, ಆರ್ಡರ್ ಕಡಿಮೆ ಇದ್ದಾಗಲೂ ಬಿಲ್ ಜಾಸ್ತಿ, ಸೋಲಾರ್ ಹಾಕಿಸಲಾ ಅಂತ ಕೇಳಿದ್ದೀರಿ. ಸೋಲಾರ್ ಆಮೇಲೆ ನೋಡೋಣ.

ಹೊಲಿಯುವವರು ಪೆಡಲ್‌ನಿಂದ ಕಾಲು ತೆಗೆದಾಗ ಕಿವಿಗೊಟ್ಟು ಕೇಳಿ. ಗುಂಯ್ ಅನ್ನುವ ಸದ್ದು ನಿಲ್ಲದಿದ್ದರೆ ಅದು ಕ್ಲಚ್ ಮೋಟಾರೇ. ದಾರ ಪೋಣಿಸುವಾಗ, ಬಟ್ಟೆ ಜೋಡಿಸುವಾಗ, ಸುಮ್ನೆ ಕೂತಾಗಲೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. ಅದರ ಬದಲಿಗೆ ಹಾಕಿಸಬಹುದಾದ ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ.

ಎಲ್ಲವನ್ನೂ ಒಂದೇ ಸಲ ಬದಲಿಸಬೇಡಿ. ಮೊದಲು ಒಂದಕ್ಕೆ ಸರ್ವೋ ಹಾಕಿಸಿ. ಅದಕ್ಕೂ ಪಕ್ಕದ ಹಳೆಯದಕ್ಕೂ ಬೇರೆ ಬೇರೆ ಸಬ್‌ಮೀಟರ್ (ಆ ಒಂದು ಮಷಿನ್‌ನ ಕರೆಂಟ್ ಮಾತ್ರ ಅಳೆಯುವ ಚಿಕ್ಕ ಮೀಟರ್) ಇಟ್ಟು ಒಂದು ವಾರ ದಿನಾ ಸಂಜೆ ಯೂನಿಟ್ ಬರೆದಿಡಿ. ನಮ್ಮಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ನಿಮ್ಮಲ್ಲಿ ಎಷ್ಟು ಇಳಿಯುತ್ತದೆ ಅಂತ ಈಗಲೇ ಹೇಳೋಕಾಗಲ್ಲ, ಮಷಿನ್ ಎಷ್ಟು ಹೊತ್ತು ಖಾಲಿ ಓಡುತ್ತದೆ ಅನ್ನೋದರ ಮೇಲೆ ಅದು ನಿಂತಿದೆ. ಕೊಳ್ಳುವಾಗ ಡೆನಿಮ್‌ಗೆ ಅಂತಲೇ ಹೇಳಿ, 550 ಅಥವಾ 750 ವ್ಯಾಟ್‌ನದು ಕೇಳಿ. ಚಿಕ್ಕದು ಹಾಕಿದರೆ ದಪ್ಪ ಮಡಿಕೆ ಬಂದಲ್ಲಿ ಸೂಜಿ ನಿಲ್ಲುತ್ತದೆ.

ಸರ್ವೋ ಮೋಟಾರ್‌ನ ಬಿಸಿಯೂ ಕಡಿಮೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊಲಿಯುವವರಿಗೆ ಅದೇ ದೊಡ್ಡದು, ಅಲ್ವಾ?

ಎಲ್ಲ ಬದಲಿಸಿದ ಮೇಲಿನ ಬಿಲ್ ಹಿಡಿದು ಸೋಲಾರ್ ಲೆಕ್ಕ ಹಾಕಿಸಿ. ಪ್ಯಾನೆಲ್ಲೇ ಕಡಿಮೆ ಸಾಕಾಗುತ್ತದೆ.